ಓಸ್ಮಿಯಮ್ಮಿಗೂ ಆರದ ಹಸಿರು

ಆ ದಿನ ಮಾಡಿದ ಕೆಲಸಗಳು: ನಸುಕಿಗೆ ನಲ್ಲಿ ನೀರು ಬಂತು, ಡ್ರಮ್ಮು, ಕೊಡ, ಬಕೀಟು, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸಿದೆ. ಅತ್ತೆಯವರ ಹಲ್ಲಿನ ಸೆಟ್ಟನ್ನು ಮನೆಯೆಲ್ಲ ಹುಡುಕಿದೆ, ಅದು ಅವರ ಬಾಯಲ್ಲೇ ಇತ್ತು. ರೊಟ್ಟಿ ಬಡಿದೆ. ಕಡಲೆಹಿಟ್ಟಿನ ಜುಣಕ ತಿರುವಿ, ತಾಟಿನ ಮೇಲೆ ತಟ್ಟಿ, ಆರಿದ ಮೇಲೆ ವಡಿ ಕೊಯ್ದೆ. ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ. ಗ್ಯಾಸಿನವನಿಗೆ ಫೋನ್ ಮಾಡಿ ಬೈದೆ, ನಂಬರು ತಪ್ಪಿದ್ದು ತಿಳಿದ ಮೇಲೆ ಯಾರೋ ಆ ಪುಣ್ಯಾತ್ಮನ ಕ್ಷಮೆ ಕೇಳಿದೆ. ಕೇಶ್ವಾಪುರದಲ್ಲಿ ಬಸ್ಸು ಹತ್ತಿದೆ. ಸಂಜೆಯೊಳಗೆ ಒಂದು ಜೀವಕೋಶವನ್ನು ಹೋಳು ಹೋಳು ಮಾಡಿ ಮನೆಗೆ ಬಂದೆ.

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಯಾರ ಮನೆಯಲ್ಲೂ ಆಗುವಂಥವೇ. ಆ ಕೊನೆಯದು ನನ್ನ ನೌಕರಿ. ರಾಯಾಪುರದ ಆಚೆ ಇರುವ ಒಂದು ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ ನಾನು ಟೆಕ್ನಿಶಿಯನ್. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದದ್ದನ್ನು ಬೇಯಿಸಿ, ಆರಿಸಿ, ಹೆಚ್ಚಿ ಕೊಡುವುದು ನನ್ನ ಪಾಲಿನದು. ಅತ್ತೆಯವರು ಇದನ್ನು ಓಣಿಯವರಿಗೆ ತಮ್ಮದೇ ರೀತಿಯಲ್ಲಿ ತಿಳಿಸಿ ಹೇಳಿದ್ದಾರೆ: "ನಮ್ಮ ಸೊಸಿ ಕಣ್ಣಿಗೆ ಕಾಣದ್ದನ್ನ ಹೆಚ್ಚತಾಳ್ರಿ. ಅದಕ್ಕ ಮನ್ಯಾಗ ಉಳ್ಳಾಗಡ್ಡಿ ಅಷ್ಟು ದಪ್ಪ ಹೆಚ್ಚತಾಳ."

ಆ ದಿನದ ಕೋಶ ಒಬ್ಬ ಹುಡುಗಿಯದು. ಆಕೆಯ ಮೈಯ ಕೋಶ ಅಂತಲ್ಲ, ಆಕೆಯ ಪಿಎಚ್‌ಡಿಯ ಕೋಶ. ಗದಗಿನ ಕಡೆಯ ಕಾಳುಕಡಿ ವ್ಯಾಪಾರಸ್ಥರ ಮಗಳು, ಬೈರಿದೇವರಕೊಪ್ಪದಲ್ಲಿ ಪಿ.ಜಿ.ಯಲ್ಲಿದ್ದಳು. ಗಾಜಿನ ತಟ್ಟೆಯಲ್ಲಿ ಕೋಶಗಳನ್ನು ಸಾಕಿ, ಅವುಗಳೊಳಗಿನ ಒಂದು ಪ್ರೋಟೀನಿಗೆ ಹಸಿರು ಹೊಳಪು ಅಂಟಿಸಿದ್ದಳು. ನೀಲಿ ಬೆಳಕು ಬಿಟ್ಟರೆ ಆ ಹಸಿರು ಚುಕ್ಕೆಗಳು ಮಿನುಗುತ್ತವೆ. ಆದರೆ ಚುಕ್ಕೆಗಳು ಕೋಶದೊಳಗೆ ಯಾವ ವಸ್ತುವಿನ ಮೇಲೆ ಕೂತಿವೆ ಅನ್ನುವುದು ಬೆಳಕಿನ ಮೈಕ್ರೋಸ್ಕೋಪಿಗೆ ತಿಳಿಯುವುದಿಲ್ಲ. ಸಂಜೆ ನೃಪತುಂಗ ಬೆಟ್ಟದ ಮೇಲೆ ನಿಂತು ಊರು ನೋಡಿದ ಹಾಗೆ ಅದು. ಯಾವ ಮನೆಯಲ್ಲಿ ದೀಪ ಹಚ್ಚಿದ್ದಾರೆ ಅಂತ ಗೊತ್ತಾಗುತ್ತದೆ, ಒಳಗೆ ಯಾರು ಯಾರಿಗೆ ಬೈಯುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪು ಅಡುಗೆಮನೆಯ ತನಕ ಹೋಗಿ ಬರುತ್ತದೆ, ಆದರೆ ಅದಕ್ಕೆ ಬಣ್ಣವೇ ಕಾಣದು, ಎಲ್ಲ ಬೂದಿ ಬೂದಿ. ಹೀಗಾಗಿ ಅದೇ ಕೋಶವನ್ನು ಎರಡರಲ್ಲೂ ನೋಡಿ ಜೋಡಿಸಬೇಕು. ಅದೇ ಕೋಶ, ಪಕ್ಕದ್ದಲ್ಲ.

ಹುಡುಗಿಗೆ ಬೇಕಾದ ಹಾಗೆ ಹೊಳೆದದ್ದು ಒಂದೇ ಕೋಶ. ಅದರ ಹಸಿರು ಫೋಟೋ ತೆಗೆದ ಕೆಲವೇ ದಿನಕ್ಕೆ ಆಕೆಯ ಉಳಿದ ತಟ್ಟೆಗಳಿಗೆಲ್ಲ ಬೂಷ್ಟು ಬಿತ್ತು, ನಮ್ಮಲ್ಲಿ ಉಪ್ಪಿನಕಾಯಿಗೆ ಬೀಳುವಂತೆ. ಎಲ್ಲವನ್ನೂ ಚೆಲ್ಲಿದೆವು. ಉಳಿದದ್ದು ನನ್ನ ಕೈಗೆ ಬಂದಿದ್ದ ಆ ಒಂದೇ ತಟ್ಟೆ. ಫೆಲೋಶಿಪ್ಪು ಆ ತಿಂಗಳಿಗೆ ಮುಗಿಯುವುದಿತ್ತು. ಈ ಒಂದು ಚಿತ್ರ ಸಿಕ್ಕರೆ ಥೀಸಿಸ್ಸು ಮುಗಿದ ಹಾಗೆ, ಸಿಗದಿದ್ದರೆ ಕೋಶ ಸಾಕುವುದರಿಂದ ಮತ್ತೆ ಶುರು. ಅದನ್ನು ಆಕೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಟ್ಟೆಯ ಸುತ್ತ ಮಾತ್ರ ಬಾಣಂತಿಯ ತಾಯಿಯಂತೆ ಸುಳಿದಾಡುತ್ತಿದ್ದಳು.

ನನ್ನ ಕೆಲಸದ ಪಾಕವಿಧಾನ ಹೀಗಿದೆ. ಮೊದಲು ಕೋಶವನ್ನು ಇದ್ದ ಭಂಗಿಯಲ್ಲೇ ನಿಲ್ಲಿಸುವ ಒಂದು ದ್ರವ. ಆಮೇಲೆ ಓಸ್ಮಿಯಮ್. ಇದು ಮಹಾ ವಿಷ. ಮುಚ್ಚಿದ ಗಾಜಿನ ಕಪಾಟಿನೊಳಗೆ ಕೈ ಹಾಕಿಯೇ ಮುಟ್ಟಬೇಕು. ಕೋಶದ ಪೊರೆಗಳನ್ನೆಲ್ಲ ಕರ್ರಗೆ ಮಾಡುತ್ತದೆ, ಹಾಗೆ ಮಾಡುವಾಗ ಹಸಿರು ಹೊಳಪನ್ನು ಆರಿಸಿಬಿಡುತ್ತದೆ. ಅದಕ್ಕೇ ಫೋಟೋ ಮೊದಲು, ಓಸ್ಮಿಯಮ್ ಆಮೇಲೆ. ನಂತರ ಸ್ಪಿರಿಟ್ಟಿನಲ್ಲಿ ನೀರಿನಂಶ ತೆಗೆಯುವುದು. ತೆಳುವಿನಿಂದ ಗಟ್ಟಿಗೆ ಮೆಲ್ಲಗೆ ಹೋಗಬೇಕು. ಅವಸರ ಮಾಡಿದರೆ ಕಡು ಬಿಸಿಲಿಗಿಟ್ಟ ಸಂಡಿಗೆಯಂತೆ ಸೀಳುತ್ತದೆ. ಕೊನೆಗೆ ಜೋನಿಬೆಲ್ಲದಂಥ ರಾಳ ಸುರಿದು ಒಲೆಪೆಟ್ಟಿಗೆಯಲ್ಲಿಟ್ಟರೆ ಗಟ್ಟಿಯಾಗಿ ಚಿಕ್ಕಿಯಂಥ ಬಿಲ್ಲೆ ಆಗುತ್ತದೆ. ಅದರ ಅಡಿಯ ಗಾಜನ್ನು ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಮಾಡಿ ಕಳಚಿದರೆ, ಕೋಶಗಳು ಬಿಲ್ಲೆಯ ಮೈಗೆ ಅಂಟಿ ಬರುತ್ತವೆ.

ಗಾಜಿನ ಮೇಲೆ ಕೋಶದ ಮನೆ ಹುಡುಕಲು ಚೌಕಗಳನ್ನು ಕೊರೆದಿರುತ್ತಾರೆ. ಅವುಗಳ ಅಚ್ಚು ಬಿಲ್ಲೆಯ ಮೇಲೆ ಮೂಡುತ್ತದೆ, ಆದರೆ ಉಲ್ಟಾ, ರಬ್ಬರ್ ಶಿಕ್ಕಾದ ಹಾಗೆ. ಫೋಟೋದಲ್ಲಿ ಬಲಕ್ಕಿದ್ದ ಕೋಶ ಬಿಲ್ಲೆಯಲ್ಲಿ ಎಡಕ್ಕೆ. ಆ ಸಲ ಗಾಜು ಕಳಚುವಾಗ ಒಂದು ಚೂರು ಒಡೆದು, ಅಚ್ಚು ಅರ್ಧಮರ್ಧ ಅಳಿಸಿತ್ತು. ಆದರೂ ಹುಡುಗಿ ಉಳಿದ ಗೆರೆ ಹಿಡಿದು ಲೆಕ್ಕ ಹಾಕಿ, ಕೋಶ ಎಡ ಮೂಲೆಯಲ್ಲಿದೆ ಎಂದು ನಕಾಶೆ ಬರೆದಿಟ್ಟಿದ್ದಳು. ಬಿಲ್ಲೆಯನ್ನು ಆ ಮೂಲೆಯಷ್ಟೇ ಉಳಿಯುವಂತೆ ನಾನು ಬ್ಲೇಡಿನಿಂದ ಕೆತ್ತಬೇಕು. ಉಳಿದದ್ದು ಪುಡಿಯಾಗಿ ಕಸಕ್ಕೆ ಹೋಗುತ್ತದೆ. ಕೆತ್ತಿದ ಮೇಲೆ ಎಡ ಬಲದ ವಾದ ಮಾಡಿ ಉಪಯೋಗವಿಲ್ಲ.

ಇನ್ನು ಆಕೆಯ ಗೈಡು, ನಮ್ಮ ಸರ್. ಎರಡು ಡಾಕ್ಟರೇಟು, ಒಂದು ಹೊಟ್ಟೆ. ಒಳ್ಳೆಯವರು. ಅವರಿಗೆ ಗ್ಲೌಸಿನ ಮೇಲೆ ನಂಬಿಕೆಯಿಲ್ಲ. ಸ್ಯಾಂಪಲ್ಲನ್ನು ಬರಿಗೈಯಲ್ಲಿ ಹಿಡಿದರೇ ಅದರ ಮನಸ್ಸು ತಿಳಿಯುತ್ತದೆ ಎಂಬುದು ಅವರ ಸಿದ್ಧಾಂತ. ಗೋಡೆಗೆ ಅಂಟಿಸಿದ ಸುರಕ್ಷತಾ ನಿಯಮಗಳಿಗೆ ಸಹಿ ಮಾಡಿದವರೂ ಅವರೇ.

ಲ್ಯಾಬಿನೊಳಗೆ ತಿನ್ನುವಂತಿಲ್ಲ, ಅದಕ್ಕೆ ನಾವು ಹೊರಗಿನ ಪಡಸಾಲೆಯಲ್ಲಿ ಪೇಪರು ಹಾಸಿ ಡಬ್ಬಿ ಬಿಚ್ಚುತ್ತೇವೆ. ಎಲ್ಲರ ಡಬ್ಬಿ ನಡುವೆ, ಹಿರಿಯರು ಮೊದಲು ಕೈ ಹಾಕಬೇಕು. ಹಿರಿಯರೆಂದರೆ ಸರ್. ಅವರ ಮನೆಯಲ್ಲಿ ಎಣ್ಣೆ ಬಂದ್ ಆಗಿತ್ತು, ಡಾಕ್ಟರರ ಮಾತು. ಹೀಗಾಗಿ ನನ್ನ ಡಬ್ಬಿಯ ಮೇಲೆ ಅವರಿಗೆ ತವರುಮನೆಯಂಥ ಪ್ರೀತಿ. ಆ ದಿನ ಜುಣಕದ ವಡಿ ಕಂಡು, ಎರಡು ತಿಂದು, ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹದ ಛಲೋ ಐತಿ ಅಂದು ಅದನ್ನೂ ತಿಂದರು. ಪಡಸಾಲೆಯ ನಲ್ಲಿಯಲ್ಲಿ ನೀರಿರಲಿಲ್ಲ. ನಮ್ಮ ಓಣಿಗೆ ಬಂದ ದಿನ ಅಲ್ಲಿಗೆ ಬರುವುದಿಲ್ಲ, ಅದು ಹುಬ್ಬಳ್ಳಿ ಧಾರವಾಡದ ಅಲಿಖಿತ ಒಪ್ಪಂದ. ನಾವು ಬಾಟಲಿ ನೀರಿನಲ್ಲಿ ಕೈ ತೊಳೆದೆವು, ಸರ್ ಪೇಪರಿಗೆ ಒರೆಸಿಕೊಂಡರು.

ಒಳಗೆ ಬಂದವರೇ ಮೇಜಿನ ಮೇಲಿದ್ದ ಬಿಲ್ಲೆ ಎತ್ತಿದರು. ಕಿಟಕಿಯ ಬೆಳಕಿಗೆ ಹಿಡಿದರು, ಹೂಂ ಅಂದರು, ಇಟ್ಟರು, ತಮ್ಮ ಕೋಣೆಗೆ ಹೋಗಿ ಒಂದು ಜೋಂಪು ತೆಗೆದರು. ನಾವಿಬ್ಬರೂ ಅದನ್ನು ನೋಡಿಯೂ ನೋಡಲಿಲ್ಲ. ದಿನಾ ನಡೆಯುವಂಥದನ್ನು ಯಾರು ನೋಡುತ್ತಾರೆ.

ಕೆತ್ತುವ ಮುಂಚೆ ಹುಡುಗಿ ಬಿಲ್ಲೆಯನ್ನು ಒಮ್ಮೆ ಬೆಳಕಿನ ಮೈಕ್ರೋಸ್ಕೋಪಿನಡಿ ಇಟ್ಟು ಗೆರೆಗಳನ್ನು ತಾಳೆ ನೋಡುತ್ತಿದ್ದಳು. ಯಾಕೆ ತೋಚಿತೋ, ನೀಲಿ ಬೆಳಕಿನ ಗುಂಡಿಯನ್ನೂ ಒತ್ತಿದಳು. ಒತ್ತಿ ನನ್ನನ್ನು ಕರೆದಳು. ನಾನು ಹೋಗಿ ಬಗ್ಗಿ ನೋಡಿದೆ. ಓಸ್ಮಿಯಮ್ ಕುಡಿದು, ರಾಳದಲ್ಲಿ ಬೆಂದು ಕರ್ರಗಾಗಿದ್ದ ಬಿಲ್ಲೆಯ ಬಲ ಮೂಲೆಯಲ್ಲಿ ಹಸಿರು ಝಗಮಗ ಅಂತಿತ್ತು.

ಹುಡುಗಿ ಹೋಗಿ ಎಬ್ಬಿಸಿದ್ದಕ್ಕೆ ಸರ್ ಓಡಿ ಬಂದರು. ಅವರು ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಓಸ್ಮಿಯಮ್ಮಿಗೂ ಆರದ ಹೊಳಪು ಸಿಕ್ಕಿತು ಅಂದರು. ಇಷ್ಟು ದಿನ ಎರಡು ಫೋಟೋ ಜೋಡಿಸಿ ಒದ್ದಾಡಿದ್ದು ಸಾಕು, ಇನ್ನು ಹೊಳೆದ ಕಡೆ ನೇರ ಕೊಯ್ಯುವುದೇ ಅಂದರು. ಮೊಬೈಲಿನಲ್ಲಿ ಫೋಟೋ ತೆಗೆದು, ಪುಣೆಯಲ್ಲಿದ್ದ ಅವರ ಹಳೆಯ ಪ್ರತಿಸ್ಪರ್ಧಿ ಪ್ರೊಫೆಸರರಿಗೆ ಅಲ್ಲೇ ಕಳಿಸಿಬಿಟ್ಟರು. ಆಮೇಲೆ ನಕಾಶೆಯ ಕಡೆ ತಿರುಗಿದರು.

"ನೀ ಉಲ್ಟಾ ಸುಲ್ಟಾ ಲೆಕ್ಕ ತಪ್ಪೀಯವ್ವಾ," ಅಂದರು. "ಬಲಕ್ಕಿದ್ದದ್ದನ್ನ ಎಡಕ್ಕ ಬರದೀದಿ. ಕೋಶನ ಎದ್ದು ಕೂತು ಇಲ್ಲಿದ್ದೇನಿ ಅಂತ ಕರ್ಯಾಕತ್ತೈತಿ, ನೀ ಇನ್ನೂ ನಕಾಶಿ ಹಿಡಕೊಂಡು ಕೂತೀದಿ."

ನಕಾಶೆಯಲ್ಲಿ ಎಡ, ಹೊಳಪು ಬಲಕ್ಕೆ. ತಿರುಗಿಸುವ ಲೆಕ್ಕ ತಪ್ಪಿದ್ದರೆ ಕೋಶ ಬೀಳಬೇಕಾದ ಜಾಗ ಸರಿಯಾಗಿ ಅದೇ. ಹುಡುಗಿ ನಕಾಶೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಲೆಕ್ಕದ ಮೇಲೆ ಆಕೆಗೇ ಅನುಮಾನ ಬಂದದ್ದು ಕಾಣುತ್ತಿತ್ತು. ನನಗಂತೂ ಬಂದೇಬಿಟ್ಟಿತ್ತು. ಕಣ್ಣೆದುರು ದೀಪ ಉರಿಯುವಾಗ ಕಾಗದ ಯಾರು ನಂಬುತ್ತಾರೆ? ಬಲ ಮೂಲೆ ಉಳಿಸಿ ಕೆತ್ತಿರಿ ಅಂತ ನನಗೆ ಹೇಳಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪು ಸಂಜೆ ತನಕ ಮಾತ್ರ ನಮ್ಮದು, ಲಗೂ ಮಾಡ್ರಿ ಅಂತ ಸೇರಿಸಿ, ಸರ್ ಪುಣೆಯ ಉತ್ತರ ಬಂತೇನೋ ನೋಡುತ್ತ ಕೋಣೆಗೆ ಹೋದರು.

ನಾನು ಹೊಸ ಬ್ಲೇಡು ತೆಗೆದೆ. ಹೊಸ ಬ್ಲೇಡಿಗೆ ಕಂಪನಿಯವರು ಸವರಿದ ಎಣ್ಣೆ ಒರೆಸುವುದು ನನ್ನ ರೂಢಿ. ಸ್ಪಿರಿಟ್ಟಿನಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ. ನನ್ನ ಈ ನಿಧಾನಕ್ಕೆ ಮನೆಯಲ್ಲಿ ದಿನವೂ ಬೈಗುಳ. ನಾನು ಒರೆಸುತ್ತ ಕೂತಾಗ ಹುಡುಗಿ ಮತ್ತೆ ಕಣ್ಣು ಹಚ್ಚಿ ಹೊಳಪಿನ ಅಂಚನ್ನು ದೊಡ್ಡದು ಮಾಡುತ್ತಿದ್ದಳು.

"ಅಕ್ಕಾರ, ಬ್ಲೇಡ್ ಕೆಳಗಿಡ್ರಿ," ಅಂದಳು. ದನಿ ತೀರ ಸಣ್ಣಗಿತ್ತು. "ಇಲ್ಲಿಷ್ಟು ಬಂದು ನೋಡ್ರಿ. ಕೋಶಕ್ಕ ಎಲ್ಲರೆ ಗೆರಿ ಇರತಾವೇನ್ರಿ?"

ನೋಡಿದೆ. ಹಸಿರಿನೊಳಗೆ ಉತ್ತ ಹೊಲದ ಸಾಲುಗಳಂತೆ ಗೆರೆಗಳು, ಒಂದರ ಪಕ್ಕ ಒಂದು, ನಡುವೆ ಬಳಸಿ ತಿರುಗಿದ್ದವು. ಅಲ್ಲಲ್ಲಿ ಎಣ್ಣೆಯ ಹನಿಗಳಂತೆ ದುಂಡನೆಯ ಮಿನುಗು.

"ಹೆಬ್ಬಟ್ಟ್ರಿ ಇದು," ಅಂದಳು.

ಗ್ಲೌಸಿಲ್ಲದೆ ಬಿಲ್ಲೆ ಮುಟ್ಟುವ ಹೆಬ್ಬೆಟ್ಟು ಆ ಲ್ಯಾಬಿನಲ್ಲಿ ಒಂದೇ. ಎರಡು ಡಾಕ್ಟರೇಟು ಪಡೆದವರು ಹೆಬ್ಬೆಟ್ಟು ಒತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ, ಆದರೆ ಹುಡುಗಿ ನಗಲಿಲ್ಲ. ಎದ್ದು ಹೋಗಿ ನನ್ನ ಡಬ್ಬಿಯಲ್ಲಿ ಉಳಿದಿದ್ದ ವಡಿಯ ತುಣುಕು ತಂದಳು. ಬಾಗಿಲಾಚೆಯೇ ನಿಂತು ಅದನ್ನೊಂದು ಗಾಜಿನ ಪಟ್ಟಿಗೆ ತಿಕ್ಕಿ, ಮುಚ್ಚಿ, ಒಳಗೆ ತಂದು ನೀಲಿ ಬೆಳಕಿಗಿಟ್ಟಳು. ಅದೇ ಹಸಿರು. ಅರಿಷಿಣ ನೀಲಿ ಬೆಳಕಿನಲ್ಲಿ ಹಾಗೆ ಹೊಳೆಯುತ್ತದೆ ಅಂತ ಯಾವುದೋ ಪಾಠದಲ್ಲಿ ಓದಿದ್ದು ಆಕೆಗೆ ಈಗ ನೆನಪಾಯಿತಂತೆ. ನಾನು ದಿನಾ ಒಗ್ಗರಣೆಗೆ ಹಾಕುತ್ತೇನೆ, ನನಗೆ ಗೊತ್ತಿರಲಿಲ್ಲ.

ಈಗ ಸಂಕಟ ಬೇರೆಯಾಯಿತು. ಗೈಡಿಗೆ ನಿಮ್ಮ ಸಂಶೋಧನೆ ನಿಮ್ಮ ಊಟ ಅಂತ ಹೇಳುವುದು ಹೇಗೆ? ಅದೂ ಪುಣೆಗೆ ಸುದ್ದಿ ಮುಟ್ಟಿದ ಮೇಲೆ. ನಾನೊಂದು ದಾರಿ ಹೇಳಿದೆ: ಸ್ಪಿರಿಟ್ಟಿನಲ್ಲಿ ಒರೆಸಿಬಿಡೋಣ, ಕಾಯುತ್ತ ಕಾಯುತ್ತ ಹೊಳಪು ಆರಿತು ಅಂತ ಹೇಳೋಣ. ಹುಡುಗಿ ತಲೆಯಾಡಿಸಿದಳು. ಆರಿದರೂ ಹೊಳೆದದ್ದು ಅಲ್ಲೇ ಅಲ್ಲವೇ, ಅಲ್ಲೇ ಕೊಯ್ಯಿರಿ ಅನ್ನುತ್ತಾರೆ, ನನ್ನ ಕೋಶ ಕಸಕ್ಕೆ ಹೋಗುತ್ತದೆ ಅಂದಳು. ಖರೇ ಇತ್ತು. ಹಾಗಾದರೆ ನೀವೇ ಹೇಳಿರಿ, ಜುಣಕ ನಿಮ್ಮದು ಅಂತ ನನ್ನ ಕಡೆ ನೋಡಿದಳು. ಥೀಸಿಸ್ಸು ನಿನ್ನದು ತಂಗಿ, ಅಂದೆ. ನಾನು ಆ ಮನುಷ್ಯನ ಜೊತೆ ರಿಟೈರ್ ಆಗುವ ತನಕ ಉಣ್ಣಬೇಕು.

ಕೊನೆಗೆ ಆಕೆಯೇ ಹೋಗಿ ಸರ್ ಅವರನ್ನು ಕರೆತಂದಳು. ಇನ್ನೊಂದು ಸ್ಲೈಡಿದೆ, ಇದನ್ನೂ ಒಮ್ಮೆ ನೋಡಿಬಿಡಿ ಅಂದಳು, ಅಷ್ಟೇ. ಸರ್ ಕಣ್ಣು ಹಚ್ಚಿದರು. ಬೆನ್ನು ನೆಟ್ಟಗಾಯಿತು.

"ಇದೂ ಉಳದೈತಿ," ಅಂದರು. "ಅದಕ್ಕಿಂತ ಭಾರಿ ಹೊಳ್ಯಾಕತ್ತೈತಲ್ಲ. ಯಾವ ಕೋಶ ಇದು?"

"ಜುಣಕ ರೀ ಸರ್."

ನಾನು ಒರೆಸಿದ ಬ್ಲೇಡನ್ನೇ ಮತ್ತೆ ಒರೆಸತೊಡಗಿದೆ. ಸರ್ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ನಮ್ಮನ್ನು ನೋಡಬೇಕಾಗುತ್ತದೆ. ಅಲ್ಲಿಂದಲೇ, ಕಡ್ಲಿಹಿಟ್ಟೋ ಅಂತ ಕೇಳಿದರು. ಅರಿಷಿಣ ರೀ ಅಂದಳು. ಆಗ ಅವರು ಮಾಡಿದ್ದನ್ನು ನಾನು ಮೆಚ್ಚಿದೆ. ಸ್ಲೈಡು ಸರಿಸಿ, ತಮ್ಮ ಬಲಗೈ ಹೆಬ್ಬೆರಳನ್ನೇ ಮೈಕ್ರೋಸ್ಕೋಪಿನಡಿ ತೂರಿಸಿದರು. ಊಟವಾಗಿ ಬಹಳ ಹೊತ್ತಾಗಿತ್ತು, ಆದರೂ ಉಗುರಿನ ಸಂದಿಯಲ್ಲಿ ಹಸಿರು ಗೆರೆಯೊಂದು ಸೊಗಸಾಗಿ ಬೆಳಗಿತು. ವಿಜ್ಞಾನಿ ಅಂದರೆ ವಿಜ್ಞಾನಿಯೇ, ತನ್ನ ಮಾನವನ್ನೂ ಒಮ್ಮೆ ಪರೀಕ್ಷಿಸಿಯೇ ಕಳೆದುಕೊಳ್ಳುತ್ತಾನೆ.

ಎದ್ದು ನಿಂತು ಹುಡುಗಿಗೆ ಕೇಳಿದರು: "ಅಂದ್ರ ನಿನ್ನ ನಕಾಶಿ ಬರೋಬರಿ ಐತಿ?"

ಹುಡುಗಿ ಗೊತ್ತಿಲ್ಲ ರೀ ಅಂದಳು. ಜುಣಕ ಬಲಕ್ಕಿದೆ ಅಂದ ಮಾತ್ರಕ್ಕೆ ಕೋಶ ಎಡಕ್ಕಿದೆ ಅಂತ ಆಗುವುದಿಲ್ಲವಲ್ಲ. ಸರ್ ಕುರ್ಚಿ ಎಳೆದುಕೊಂಡು, ಈ ಸಲ ಗ್ಲೌಸು ಹಾಕಿಕೊಂಡು, ಆಕೆಯ ಜೊತೆ ಅಳಿದುಳಿದ ಗೆರೆಗಳನ್ನು ಮೊದಲಿನಿಂದ ತಾಳೆ ಹಾಕಿದರು. ಸ್ಪಿರಿಟ್ಟಿನ ಬಟ್ಟೆ ಆಡಿಸಿದ ಕೂಡಲೇ ಬಲ ಮೂಲೆ ಆರಿಹೋಯಿತು. ಎಣ್ಣೆ ಹೋದ ಮೇಲೆ ಅಲ್ಲೊಂದು ಗೆರೆಯ ತುದಿ ಸ್ಪಷ್ಟವಾಯಿತು, ಅದು ನಕಾಶೆಯ ಕಡೆಗೇ ಸಾಕ್ಷಿ ಹೇಳಿತು. ಎಡ, ಅಂದರು ಸರ್. ಎಡ, ಅಂದಳು ಹುಡುಗಿ. ನಾನು ಬಲವನ್ನು ಕೆತ್ತಿ ಪುಡಿ ಮಾಡಿದೆ. ಪುಡಿಯನ್ನು ಮಾತ್ರ ಕಸಕ್ಕೆ ಹಾಕದೆ ಒಂದು ಶೀಶೆಯಲ್ಲಿ ಇಟ್ಟೆ, ಇಟ್ಟು ಉಪಯೋಗವಿಲ್ಲ ಅಂತ ಗೊತ್ತಿದ್ದೂ.

ವಜ್ರದ ಚಾಕುವಿನಲ್ಲಿ ಕೊಯ್ಯುವುದು ಆಮೇಲಿನ ಕೆಲಸ. ಹೋಳುಗಳು ಚಾಕುವಿನ ಹಿಂದಿನ ನೀರಿನ ಮೇಲೆ ತೇಲುತ್ತವೆ. ಬೆಳ್ಳಿಯ ಬಣ್ಣ ಬಂದರೆ ಹದ, ನೀಲಿಗೆ ತಿರುಗಿದರೆ ದಪ್ಪ. ಅವನ್ನು ನೀರಿನ ಮೇಲೆ ಸರಿಸಲು ಜಗತ್ತಿನಲ್ಲಿ ಇನ್ನೂ ಯಾವ ಯಂತ್ರವೂ ಕಣ್ಣಿನ ರೆಪ್ಪೆಯ ಕೂದಲನ್ನು ಮೀರಿಸಿಲ್ಲ. ಕಡ್ಡಿಯ ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿಕೊಳ್ಳುತ್ತೇವೆ. ನಮ್ಮ ಲ್ಯಾಬಿನಲ್ಲಿರುವುದು ನಮ್ಮ ಯಜಮಾನರದು. ಹತ್ತಿಯ ದಲಾಲಿ ಮಾಡುವ ಅವರಿಗೆ ದೇವರು ಕೊಟ್ಟ ಅಂದ ಅಷ್ಟೇ, ರೆಪ್ಪೆ. ಕಿತ್ತ ದಿನ ಕೂಗಿಕೊಂಡರು, ಈಗ ಮಾರ್ಕೆಟ್ಟಿನಲ್ಲಿ ತಮ್ಮದೂ ಸಂಶೋಧನೆಯಲ್ಲಿ ಪಾಲಿದೆ ಅಂತ ಹೇಳಿಕೊಂಡು ತಿರುಗುತ್ತಾರೆ. ಆ ಕೂದಲಿನಿಂದ ಹೋಳುಗಳನ್ನು ಮೆಲ್ಲಗೆ ಕೂಡಿಸಿ, ಸಣ್ಣ ತಾಮ್ರದ ಜಾಳಿಗೆಯ ಮೇಲೆ ಎತ್ತಿಕೊಂಡೆ. ಹುಡುಗಿ ಉಸಿರಾಡಲಿಲ್ಲ. ಉಸಿರು ತಾಗಿದರೂ ಹಾರುತ್ತವೆ ಅಂತ ಮೊದಲ ದಿನವೇ ಹೇಳಿದ್ದೆ, ಅಷ್ಟು ಪಾಲಿಸಬೇಕಿರಲಿಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೋಣೆ ಕತ್ತಲು, ಥಂಡಿ. ಮೊದಲ ಜಾಳಿಗೆಯ ಹೋಳು ಹಪ್ಪಳದಂತೆ ಸುಕ್ಕುಗಟ್ಟಿತ್ತು. ಎರಡನೆಯದರಲ್ಲಿ ಬೂದಿಬಣ್ಣದ ಬಯಲು, ಸತ್ತ ಕೋಶಗಳ ಚಿಂದಿ. ಹುಡುಗಿಯ ತೊಡೆಯ ಮೇಲೆ ಹಸಿರು ಫೋಟೋ. ಅದರಲ್ಲಿ ಆಕೆಯ ಕೋಶ ಇನ್ನೆರಡರ ಜೊತೆ ಒಲೆಗುಂಡುಗಳಂತೆ ಕೂತಿತ್ತು. ಪರದೆಯ ಮೇಲೆ ಬಯಲು ಸರಿಯುತ್ತಲೇ ಇತ್ತು. ಅದು ಶೀಶೆಯ ಪುಡಿಯಲ್ಲಿ ಸೇರಿಹೋಯಿತು, ನಾನೇ ಕೆತ್ತಿ ಹಾಕಿದೆ ಅನ್ನುವ ತನಕ ನನ್ನ ಮನಸ್ಸು ಹೋಗಿತ್ತು. ಅಷ್ಟರಲ್ಲಿ ಅಂಚಿನಿಂದ ಒಂದು ಗುಂಡು ಬಂತು, ಪಕ್ಕಕ್ಕೆ ಇನ್ನೊಂದು, ಕೆಳಗೆ ಮೂರನೆಯದು. ಹುಡುಗಿ ಫೋಟೋವನ್ನು ಕನ್ನಡಿಯಂತೆ ತಿರುಗಿಸಿ ಪರದೆಗೆ ಹಿಡಿದಳು. ಮೂರೂ ಒಂದರ ಮೇಲೊಂದು ಸರಿಯಾಗಿ ಕೂತವು.

ದೊಡ್ಡದು ಮಾಡುತ್ತ ಹೋದೆವು. ಚುಕ್ಕೆಗಳಿದ್ದ ಜಾಗದಲ್ಲಿ ಪದರ ಪದರವಾಗಿ ಚಿರೋಟಿಯಂಥದ್ದು, ಅದರ ಅಂಚಿಗೆ ಸಣ್ಣ ಗುಳ್ಳೆಗಳು. ಆ ಗುಳ್ಳೆಗಳಲ್ಲೇ ತನ್ನ ಪ್ರೋಟೀನು ಇದೆ ಅಂತ ಆಕೆ ಇಷ್ಟು ವರ್ಷ ವಾದಿಸುತ್ತ ಬಂದದ್ದು. ಚಿತ್ರ ತೆಗೆದಳು. ಸಾಲದೆಂದು ಮತ್ತೊಮ್ಮೆ ತೆಗೆದಳು. ಹಿಂದೆ ನಿಂತಿದ್ದ ಸರ್, ನಾ ಮೊದಲ ಅಂದಿದ್ನಿಲ್ಲ ಗುಳ್ಳಿ ಅಂತ, ಅಂದರು. ಅವರು ಅಂದಿರಲಿಲ್ಲ, ಆದರೆ ಆ ದಿನದ ಮಟ್ಟಿಗೆ ಅಷ್ಟಾದರೂ ಅವರಿಗೆ ಸಿಗಲಿ ಅಂತ ನಾವು ಹೂಂ ಅಂದೆವು. ಪುಣೆಗೆ ಅವರು ಏನೋ ಬೆಳಕಿನ ದೋಷ ಅಂತ ಬರೆದು ಕಳಿಸಿದರಂತೆ. ಹೊರಡುವಾಗ ನನಗೆ, ಕೊಯ್ಯುವ ದಿನ ಮೊಸರನ್ನ ತರ್ರಿ, ಜುಣಕ ಬೇರೆ ದಿನ ಇರಲಿ ಅಂತ ಅಪ್ಪಣೆ ಕೊಟ್ಟರು.

ಹುಡುಗಿಯನ್ನು ಪಿ.ಜಿ.ಗೆ ಕಳಿಸಲು ಮನಸ್ಸಾಗದೆ ಜೊತೆಗೆ ಮನೆಗೆ ಕರಕೊಂಡು ಬಂದೆ. ಬಿಲ್ಲೆ ಒಲೆಪೆಟ್ಟಿಗೆಗೆ ಹೋದ ದಿನದಿಂದ ಆಕೆ ಸರಿಯಾಗಿ ಮಲಗಿರಲಿಲ್ಲವಂತೆ, ಬಸ್ಸಿನಲ್ಲಿ ಹೇಳಿದಳು. ಮನೆಯಲ್ಲಿ ಅತ್ತೆಯವರು, ಅಷ್ಟು ಓದಿ ಕಡೀಕ ಏನ್ ಸಿಕ್ತವ್ವಾ ಅಂತ ಕೇಳಿದರು. ಗುಳ್ಳಿ ಸಿಕ್ಕಾವ್ರಿ ಅಜ್ಜಿ, ಅಂದಳು. ಅತ್ತೆಯವರು ಮಜ್ಜಿಗೆ ಕುಡಿ, ಹೋಗತಾವ ಅಂದರು.

ಬಿಸಿ ಅನ್ನ, ಕಟ್ಟಿನ ಸಾರು, ಎಣಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ಎರಡನೇ ಸಲ ಅನ್ನ ಹಾಕಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಹುಡುಗಿ ತಾಟಿನ ಮುಂದೆ, ಗೋಡೆಗೆ ಒರಗಿ, ತುತ್ತು ಹಿಡಿದ ಕೈ ಹಾಗೇ ಇಟ್ಟುಕೊಂಡು ನಿದ್ದೆ ಹೋಗಿದ್ದಳು. ಯಜಮಾನರು ಟಿ.ವಿ. ಸಪ್ಪಳ ತಗ್ಗಿಸಿದರು. ನಾನು ಒದ್ದೆ ಬಟ್ಟೆ ತಂದು ಆಕೆಯ ಕೈ ಒರೆಸಿದೆ, ಅತ್ತೆಯವರು ಕೌದಿ ತಂದು ಹೊದಿಸಿದರು.